ಹಳೆಯ ಬ್ರಿಟಿಷ್ ಮೋಟಾರು ಕಾರು : ಹುಬ್ಬಳ್ಳಿ-ಧಾರವಾಡ ಪ್ರದೇಶದ ಇತಿಹಾಸಕ್ಕೆ ಒಂದು ಆಧಾರ

೧

ಇತಿಹಾಸದ ಆಧಾರಗಳೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವವು ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಗರಿ ಹಾಗೂ ದಫ್ತರಗಳು. ಇವುಗಳ ಅಭ್ಯಾಸಕ್ಕೆ ಧಾರವಾಡವು ಹಳೆಯ ನೆಲೆ. ಮುಂಬಯಿ ಇಲಾಖೆಯ ದಕ್ಷಿಣ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟರು ಈ ಭಾಗದ ಶಾಸನಗಳನ್ನು ಓದಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಬರೆದರು. ೧೯೩೯ರಲ್ಲಿ ಇಲ್ಲಿಯೇ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. ಆದರೆ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಹೊರಟವರಿಗೆ ಇನ್ನೊಂದು ಬಗೆಯ ಆಧಾರವೂ ಉಂಟು. ಅದು ಯಂತ್ರ. ಗಿರಣಿಯ ಯಂತ್ರ, ರೈಲಿನ ಎಂಜಿನು, ಮುದ್ರಣಯಂತ್ರ, ಮೋಟಾರು ಕಾರು, ಇವೆಲ್ಲವೂ ತಮ್ಮ ಮೈಮೇಲೆಯೇ ತಮ್ಮ ಕಾಲವನ್ನು ಬರೆದುಕೊಂಡಿರುವ ವಸ್ತುಗಳು. ಇವನ್ನು ಓದುವ ಶಿಸ್ತು ನಮ್ಮಲ್ಲಿ ಇನ್ನೂ ಬೆಳೆಯಬೇಕಾಗಿದೆ.

ಹಳೆಯ ವಾಡೆಯ ಕೊಟ್ಟಿಗೆಯಲ್ಲಿಯೋ ಮುಚ್ಚಿದ ಜಿನ್ನಿನ ಆವರಣದಲ್ಲಿಯೋ ಗುಜರಿಯ ಅಂಗಳದಲ್ಲಿಯೋ ಒಂದು ಬ್ರಿಟಿಷ್ ಕಾರು ದೊರೆಯಿತೆಂದು ಭಾವಿಸೋಣ. ಸಾಮಾನ್ಯವಾಗಿ ಆಗುವುದೇನು? ಅದು ಯಾವುದೋ ಮಹಾರಾಜರದೆಂದು ಒಬ್ಬರು ಹೇಳುತ್ತಾರೆ, ಯಾರೋ ಗವರ್ನರರು ಅದರಲ್ಲಿ ಕುಳಿತಿದ್ದರೆಂದು ಮತ್ತೊಬ್ಬರು ಹೇಳುತ್ತಾರೆ. ವೃತ್ತಪತ್ರಿಕೆಯಲ್ಲಿ ಚಿತ್ರವೊಂದು ಅಚ್ಚಾಗುತ್ತದೆ. ಬಳಿಕ ಅದು ಹೊಸ ಬಣ್ಣ ಹೊಡೆಸಿಕೊಂಡು ದೂರದ ಸಂಗ್ರಾಹಕರ ಮನೆಗೆ ಹೋಗುತ್ತದೆ, ಇಲ್ಲವೇ ಕಬ್ಬಿಣದ ಬೆಲೆಗೆ ತೂಕವಾಗುತ್ತದೆ. ಎರಡೂ ಪ್ರಸಂಗಗಳಲ್ಲಿ ಇತಿಹಾಸಕ್ಕೆ ಒದಗುವ ಹಾನಿ ಬಹುಮಟ್ಟಿಗೆ ಒಂದೇ. ಇಂಥ ಕಾರಿನ ನಿಜವಾದ ಚರಿತ್ರೆಯು ಅದನ್ನು ಮಾಡಿದ ಕಂಪನಿಯ ಹೆಸರಿನಲ್ಲಿಯೂ ಇಲ್ಲ, ದಂತಕಥೆಯಲ್ಲಿಯೂ ಇಲ್ಲ. ಅದರ ಸಂಖ್ಯೆಗಳು, ಅವಯವಗಳು, ಕಾಗದಪತ್ರಗಳು ಮತ್ತು ಅದನ್ನು ನಡೆಸಿದವರ ನೆನಪು, ಈ ನಾಲ್ಕನ್ನೂ ಒಟ್ಟಿಗೆ ಓದಿದಾಗ ಮಾತ್ರ ಅದು ದೊರೆಯುತ್ತದೆ. ಇದನ್ನು ನಮ್ಮ ಪ್ರದೇಶದ ವಿಶೇಷ ಪರಿಸ್ಥಿತಿಯೊಡನೆ ವಿವರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಕಾಲವಿಭಾಗವನ್ನು ನೋಡಬೇಕು. ಹಳೆಯದೆಲ್ಲವನ್ನೂ 'ವಿಂಟೇಜ್' ಎಂದು ಕರೆಯುವುದು ರೂಢಿಯಾಗಿದೆ. ಇಂಗ್ಲಂಡಿನ ಅಭ್ಯಾಸಿಗಳಲ್ಲಿ ಈ ಶಬ್ದಕ್ಕೆ ನಿರ್ದಿಷ್ಟವಾದ ಅರ್ಥವಿದೆ. ೧೯೧೯ರಿಂದ ೧೯೩೦ರವರೆಗೆ ತಯಾರಾದ ಕಾರುಗಳು ಮಾತ್ರ ವಿಂಟೇಜ್ ಎನಿಸುತ್ತವೆ. ಅದಕ್ಕಿಂತ ಹಿಂದಿನವು ವೆಟರನ್ ಮತ್ತು ಎಡ್ವರ್ಡಿಯನ್ ಎಂಬ ವರ್ಗಗಳಿಗೆ ಸೇರುತ್ತವೆ. ಭಾರತದ ಕಾಯಿದೆಯ ಅರ್ಥವೇ ಬೇರೆ. ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ಮಾರಾಟದ ನೋಂದಣಿಯಿಂದ ೫೦ ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನವೇ ವಿಂಟೇಜ್. ಆದುದರಿಂದ ಬರಹಗಾರನು ಯಾವ ಅರ್ಥದಲ್ಲಿ ಈ ಶಬ್ದವನ್ನು ಬಳಸುತ್ತಾನೆಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ಈ ಲೇಖನದಲ್ಲಿ ಅದನ್ನು ಇಂಗ್ಲಂಡಿನ ಅರ್ಥದಲ್ಲಿಯೇ ಬಳಸಲಾಗಿದೆ.

ಇನ್ನು ಹೆಸರಿನ ಪ್ರಶ್ನೆ. ಹೆಸರು ಎಷ್ಟು ಮೋಸಗೊಳಿಸಬಲ್ಲುದೆಂಬುದಕ್ಕೆ ರೋಲ್ಸ್-ರಾಯ್ಸ್ ಕಂಪನಿಯ 'ಸಿಲ್ವರ್ ಘೋಸ್ಟ್' ಒಳ್ಳೆಯ ನಿದರ್ಶನ. ೧೯೦೬ರಲ್ಲಿ ಬಂದ ಈ ಮಾದರಿಗೆ ಕಂಪನಿಯು ಇಟ್ಟ ಹೆಸರು ಕೇವಲ '೪೦/೫೦ ಅಶ್ವಶಕ್ತಿ' ಎಂದಿತ್ತು. ೬೦೫೫೧ ಎಂಬ ಚಾಸಿ ಸಂಖ್ಯೆಯ, ಬೆಳ್ಳಿಯ ಬಣ್ಣದ ಒಂದೇ ಒಂದು ಕಾರಿಗೆ ಸಿಲ್ವರ್ ಘೋಸ್ಟ್ ಎಂಬ ಹೆಸರಿಡಲಾಗಿತ್ತು. ೧೯೦೭ರಲ್ಲಿ ಆ ಕಾರು ಸುಮಾರು ೧೫,೦೦೦ ಮೈಲುಗಳ ಪರೀಕ್ಷೆಯಲ್ಲಿ ಗೆದ್ದು ಕೀರ್ತಿ ಪಡೆದ ಮೇಲೆ ಹೆಸರು ಆ ಮಾದರಿಯ ಎಲ್ಲ ಕಾರುಗಳಿಗೂ ಹರಡಿತು. ಆ ಕಾರಿನ ಫಲಕದಲ್ಲಿದ್ದುದು ಎ. ಎಕ್ಸ್. ೨೦೧. ಬ್ರಿಟನ್ನಿನಲ್ಲಿ ಮೋಟಾರು ನೋಂದಣಿಯು ೧೯೦೪ರ ಜನವರಿ ೧ರಿಂದ ಕಡ್ಡಾಯವಾಯಿತು. ಅಲ್ಲಿಯ ಪ್ರತಿಯೊಂದು ಕೌಂಟಿಗೂ ಬೇರೆ ಬೇರೆ ಅಕ್ಷರಗಳಿದ್ದು, ಎ. ಎಕ್ಸ್. ಎಂಬುದು ಮನ್ಮತ್‌ಶೈರಿಗೆ ಸೇರಿತ್ತು. ಆದುದರಿಂದ ಇಲ್ಲಿ ದೊರೆತ ಕಾರಿನ ಮೇಲೆ ಹಳೆಯ ಬ್ರಿಟಿಷ್ ಫಲಕವೇನಾದರೂ ಉಳಿದಿದ್ದರೆ, ಆ ಕಾರು ಹೊಸದಾಗಿ ಬಂದಿತೇ ಅಥವಾ ಅಲ್ಲಿ ಓಡಿದ ಬಳಿಕ ಬಂದಿತೇ ಎಂಬ ಪ್ರಶ್ನೆಗೆ ಅದೇ ಉತ್ತರ ಕೊಡಬಲ್ಲದು.

ಶಾಸನದಲ್ಲಿ ತಿಥಿವಾರಗಳಿಗೆ ಎಂಥ ಸ್ಥಾನವೋ ಕಾರಿನಲ್ಲಿ ಚಾಸಿ ಸಂಖ್ಯೆಗೆ ಅಂಥ ಸ್ಥಾನ. ಚಾಸಿ ಎಂದರೆ ಚಕ್ರ, ಎಂಜಿನು, ಮೇಲಿನ ಮೈ ಎಲ್ಲವನ್ನೂ ಹೊತ್ತಿರುವ ಉಕ್ಕಿನ ಚೌಕಟ್ಟು. ಅಂದಿನ ದಿನಗಳಲ್ಲಿ ರೋಲ್ಸ್-ರಾಯ್ಸ್ ಮೊದಲಾದ ಕಂಪನಿಗಳು ಚಾಸಿಯನ್ನು ಮಾತ್ರ ಮಾಡಿಕೊಡುತ್ತಿದ್ದವು. ಮೈಯನ್ನು ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿ ಮುಂತಾದ ಸಾರೋಟು ತಯಾರಕರು ಕಟ್ಟುತ್ತಿದ್ದರು. ಇದರಿಂದ ಒಂದೇ ಕಾರಿಗೆ ಎರಡು ವಯಸ್ಸುಗಳಿರಬಹುದು. ಹಳೆಯ ಚಾಸಿಯ ಮೇಲೆ ಹತ್ತು ವರ್ಷಗಳ ಅನಂತರ ಹೊಸ ಮೈ ಕೂಡಿಸಿದ್ದರೆ ಅದು ಸುಳ್ಳಲ್ಲ, ಅದೂ ಚರಿತ್ರೆಯೇ. ಆದರೆ ಎರಡನ್ನೂ ಬೇರೆ ಬೇರೆಯಾಗಿ ದಾಖಲು ಮಾಡಬೇಕು. ರೋಲ್ಸ್-ರಾಯ್ಸ್ ಕಂಪನಿಯು ಪ್ರತಿಯೊಂದು ಚಾಸಿಗೂ ಬರೆದಿಟ್ಟ ಪತ್ರಗಳು ಇಂಗ್ಲಂಡಿನ ನಾರ್ಥಾಂಪ್ಟನ್‌ಶೈರಿನಲ್ಲಿ ಆ ಕಾರುಗಳ ಅಭಿಮಾನಿಗಳ ಸಂಘದ ಸಂಗ್ರಹದಲ್ಲಿ ಉಳಿದಿವೆ. ಮೊದಲ ಗಿರಾಕಿ ಯಾರು, ಮೈಯನ್ನು ಕಟ್ಟಿದವರಾರು ಎಂಬ ವಿವರಗಳನ್ನು ಅಲ್ಲಿಂದ ತಿಳಿಯಬಹುದು. ಮಹಾರಾಜರ ಕಾರೆಂಬ ಮಾತನ್ನು ಒಂದು ಪತ್ರವ್ಯವಹಾರದಿಂದ ಪರೀಕ್ಷಿಸಬಹುದಾಗಿರುವಾಗ ಊಹೆಗೆ ಎಡೆಗೊಡುವುದು ಸರಿಯಲ್ಲ.

ಸಂಖ್ಯೆಯು ಅಳಿಸಿಹೋಗಿದ್ದರೆ ಅವಯವಗಳೇ ಮಾತನಾಡುತ್ತವೆ. ಶಾಸನದಲ್ಲಿ ತೇದಿ ಇಲ್ಲದಿದ್ದಾಗ ನಾವು ಲಿಪಿಯನ್ನು ನೋಡುವುದಿಲ್ಲವೇ? ಅದೇ ರೀತಿ ಇಲ್ಲಿ ದೀಪ, ಬ್ರೇಕು ಮತ್ತು ಕಿಡಿಹೊತ್ತಿಸುವ ಸಾಧನಗಳನ್ನು ನೋಡಬೇಕು. ಕಾರ್ಬೈಡಿನ ಗ್ಯಾಸು ದೀಪಗಳು ಮೊದಲನೆಯ ಮಹಾಯುದ್ಧಕ್ಕೆ ಹಿಂದಿನ ಕಾಲವನ್ನು ಸೂಚಿಸುತ್ತವೆ. ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ ಇದ್ದರೆ ಕಾರು ಬಹುಶಃ ೧೯೨೫ಕ್ಕಿಂತ ಹಿಂದಿನದು. ಆದರೆ ಈ ನಿಯಮಕ್ಕೂ ಅಪವಾದವಿದೆ. ೧೯೨೨ರಲ್ಲಿ ಬಂದ ಪುಟ್ಟ ಆಸ್ಟಿನ್ ಸೆವೆನ್ ಕಾರಿಗೆ ಆರಂಭದಿಂದಲೇ ನಾಲ್ಕೂ ಚಕ್ರಗಳಿಗೆ ಬ್ರೇಕು ಇದ್ದಿತು. ಕಿಡಿ ಕೊಡುವ ಮ್ಯಾಗ್ನೆಟೊ ಎಂಬ ಸಾಧನಕ್ಕಾಗಿ ೧೯೧೪ರವರೆಗೆ ಬ್ರಿಟನ್ನು ಬಹುಮಟ್ಟಿಗೆ ಜರ್ಮನಿಯ ಬಾಷ್ ಕಂಪನಿಯನ್ನೇ ಅವಲಂಬಿಸಿದ್ದಿತು. ಯುದ್ಧದಿಂದ ಪೂರೈಕೆ ನಿಂತ ಮೇಲೆಯೇ ಅಲ್ಲಿ ಸ್ವಂತ ತಯಾರಿಕೆ ಬಲಗೊಂಡಿತು. ಹೀಗಾಗಿ ಬ್ರಿಟಿಷ್ ಕಾರಿನಲ್ಲಿ ಜರ್ಮನ್ ಮ್ಯಾಗ್ನೆಟೊ ಕಂಡರೆ ಅದನ್ನು ಬೆರಕೆಯೆಂದು ತೆಗೆದುಹಾಕಬಾರದು. ಅದೇ ಅದರ ಪ್ರಾಚೀನತೆಗೆ ಸಾಕ್ಷಿಯಾಗಿರಲೂಬಹುದು.

೩

ಬ್ರಿಟಿಷರು ಆಳಿದ ನಾಡಿನಲ್ಲಿ ಬ್ರಿಟಿಷ್ ಕಾರು ಅಪರೂಪವಾಗುವುದು ಹೇಗೆ ಎಂಬ ಸಂದೇಹ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಬರಬಹುದು. ಇದಕ್ಕೆ ಉತ್ತರವು ಬ್ರಿಟನ್ನಿನ ತೆರಿಗೆಯ ಪದ್ಧತಿಯಲ್ಲಿದೆ. ೧೯೨೧ರಿಂದ ಅಲ್ಲಿ ಕಾರುಗಳ ಮೇಲೆ ಪ್ರತಿ ಅಶ್ವಶಕ್ತಿಗೆ ಒಂದು ಪೌಂಡಿನಂತೆ ಕರವನ್ನು ವಿಧಿಸಲಾಯಿತು. ಈ ಅಶ್ವಶಕ್ತಿಯು ಎಂಜಿನ್ನಿನ ನಿಜವಾದ ಬಲವಲ್ಲ. ಸಿಲಿಂಡರಿನ ಅಡ್ಡಳತೆಯನ್ನು ಅಂಗುಲಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ೨.೫ರಿಂದ ಭಾಗಿಸಿದರೆ ಬರುವ ಲೆಕ್ಕ ಅದು. ಸುಮಾರು ೨.೨ ಅಂಗುಲ ಅಡ್ಡಳತೆಯ ನಾಲ್ಕು ಸಿಲಿಂಡರುಗಳ ಆಸ್ಟಿನ್ ಸೆವೆನ್‌ಗೆ ಈ ಪ್ರಕಾರ ಬರುವುದು ೮ಕ್ಕಿಂತ ಸ್ವಲ್ಪ ಕಡಮೆ. ೩.೭೫ ಅಂಗುಲದ ನಾಲ್ಕು ಸಿಲಿಂಡರುಗಳ ಅಮೆರಿಕದ ಫೋರ್ಡ್ 'ಟಿ' ಕಾರಿಗೆ ಬರುವುದು ೨೨.೫. ಕರದ ಭಾರವನ್ನು ತಪ್ಪಿಸಲು ಬ್ರಿಟಿಷ್ ತಯಾರಕರು ಸಿಲಿಂಡರನ್ನು ಕಿರಿದಾಗಿಸಿದರು, ಕಾರನ್ನು ಚಿಕ್ಕದಾಗಿಸಿದರು. ಇದು ಇಂಗ್ಲಂಡಿನ ನಯವಾದ ರಸ್ತೆಗಳಿಗೆ ಒಪ್ಪುವಂತಿದ್ದಿತು.

ನಮ್ಮ ಜಿಲ್ಲೆಯ ರಸ್ತೆಗಳ ಸ್ಥಿತಿ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಹತ್ತಿಯು ಎತ್ತಿನ ಬಂಡಿಗಳ ಮೇಲೆ ಘಟ್ಟವಿಳಿದು ಕುಮಟೆ, ಕಾರವಾರಗಳ ಬಂದರಿಗೆ ಹೋಗುತ್ತಿದ್ದಿತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿ-ಧಾರವಾಡಗಳನ್ನು ಮುರಗಾಂವ ಬಂದರಿಗೆ ಜೋಡಿಸಿದ ಮೇಲೆ ದೂರದ ಸಾಗಾಣಿಕೆ ಹಳಿಗಳ ಪಾಲಾಯಿತು. ಊರಿನಿಂದ ಠಾಣೆಯವರೆಗಿನ ದಾರಿಯು ಮಾತ್ರ ಬಂಡಿಯ ಜಾಡಾಗಿಯೇ ಉಳಿಯಿತು. ಮಳೆಗಾಲದ ಎರೆಮಣ್ಣಿನಲ್ಲಿ ತಗ್ಗಾದ, ಬಲ ಕಡಮೆಯ ಕಾರು ಹೂತುಹೋಗುವುದರಲ್ಲಿ ಆಶ್ಚರ್ಯವಿಲ್ಲ. ನೆಲದಿಂದ ಎತ್ತರವಾಗಿದ್ದ, ಬಲವಾದ ಎಂಜಿನ್ನಿನ ಅಮೆರಿಕದ ಕಾರುಗಳೇ ಇಂಥ ನಾಡಿಗೆ ಹೆಚ್ಚು ಒಗ್ಗಿದವು. ಫೋರ್ಡ್ ಕಂಪನಿಯು ೧೯೨೬ರಲ್ಲಿ ಭಾರತದಲ್ಲಿ ತನ್ನ ಸಂಸ್ಥೆಯನ್ನು ಸ್ಥಾಪಿಸಿತು. ಜನರಲ್ ಮೋಟರ್ಸ್ ಕಂಪನಿಯು ೧೯೨೮ರಲ್ಲಿ ಮುಂಬಯಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕಾರುಗಳನ್ನು ಹೊರತರತೊಡಗಿತು. ಸಾಮ್ರಾಜ್ಯದ ಸರಕುಗಳಿಗೆ ಸುಂಕದಲ್ಲಿ ರಿಯಾಯತಿ ದೊರೆತುದು ೧೯೩೨ರ ಆಟವಾ ಒಪ್ಪಂದದ ತರುವಾಯ. ಆದುದರಿಂದ ೧೯೨೦ರ ದಶಕದ ಬ್ರಿಟಿಷ್ ಕಾರೊಂದು ಇಲ್ಲಿ ದೊರೆತರೆ, ಅದನ್ನು ಕೊಂಡವನು ಸಾಮಾನ್ಯ ಪ್ರವಾಹಕ್ಕೆ ವಿರುದ್ಧವಾಗಿ ನಡೆದನೆಂದೇ ತಿಳಿಯಬೇಕು. ಅವನು ಅಧಿಕಾರಿಯೇ, ಸಂಸ್ಥಾನಿಕನೇ, ವೈದ್ಯನೇ, ಹತ್ತಿಯ ವ್ಯಾಪಾರಿಯೇ, ಯಾವ ಕಾರಣದಿಂದ ಕೊಂಡನು ಎಂಬುದು ಶೋಧನೆಗೆ ಯೋಗ್ಯವಾದ ಪ್ರಶ್ನೆ.

ಬ್ರಿಟಿಷ್ ಕಾರುಗಳೆಲ್ಲವೂ ದುರ್ಬಲವಾಗಿದ್ದವೆಂದು ಇದರ ತಾತ್ಪರ್ಯವಲ್ಲ. ೧೯೦೮ರಲ್ಲಿ ಮುಂಬಯಿಯಿಂದ ಕೊಲ್ಹಾಪುರದವರೆಗೆ ಮೋಟಾರುಗಳ ಪರೀಕ್ಷೆಯೊಂದು ನಡೆಯಿತು. ಘಟ್ಟಗಳನ್ನು ಹತ್ತಿಳಿಯಬೇಕಾಗಿದ್ದ ಈ ಪ್ರಯಾಣದಲ್ಲಿ 'ಪೂರ್ವದ ಮುತ್ತು' ಎಂದು ಹೆಸರಾದ ಒಂದು ರೋಲ್ಸ್-ರಾಯ್ಸ್ ಕಾರು ವಿಜಯ ಪಡೆಯಿತು. ಅದನ್ನು ಗ್ವಾಲಿಯರಿನ ಮಹಾರಾಜರು ಕೊಂಡರು. ಭಾರತೀಯ ಅರಸರಲ್ಲಿ ಈ ಕಂಪನಿಗೆ ದೊರೆತ ಮನ್ನಣೆಗೆ ಇಂಥ ಪರೀಕ್ಷೆಗಳೂ ಕಾರಣವಾದವು. ಕೊಲ್ಹಾಪುರದಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಾಯ್ದು ಬೆಂಗಳೂರಿಗೆ ಹೋಗುವ ದಾರಿಯೇ ಮುಂದೆ ಈ ಭಾಗದ ಮುಖ್ಯ ಮೋಟಾರು ಮಾರ್ಗವಾಯಿತು. ಎಂ. ಆರ್. ಜಯಕರರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ ೧೯೨೯ರಲ್ಲಿ ಗ್ಯಾಲನ್ ಪೆಟ್ರೋಲಿಗೆ ೨ ಆಣೆಯ ಹೆಚ್ಚಿನ ಸುಂಕ ಜಾರಿಗೆ ಬಂದು, ಅದರ ಹಣವನ್ನು ರಸ್ತೆಗಳಿಗಾಗಿ ಮೀಸಲಿಡಲಾಯಿತು. ಕಾರಿನ ಇತಿಹಾಸವನ್ನು ರಸ್ತೆಯ ಇತಿಹಾಸದಿಂದ ಬೇರ್ಪಡಿಸಲಾಗದೆಂಬುದು ಇದರಿಂದ ವಿದಿತವಾಗುತ್ತದೆ.

೪

ಈಗ ಕಾಗದಪತ್ರಗಳ ವಿಷಯಕ್ಕೆ ಬರೋಣ. ನಮ್ಮ ಪ್ರದೇಶದ ವಿಶೇಷ ತೊಡಕು ಇರುವುದು ಇಲ್ಲಿಯೇ. ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಮೋಟಾರು ವಾಹನಗಳ ಕಾಯಿದೆಯು ಬಂದುದು ೧೯೧೪ರಲ್ಲಿ. ಅದನ್ನು ೧೯೩೯ರ ಕಾಯಿದೆಯೂ, ಅದನ್ನು ೧೯೮೮ರ ಕಾಯಿದೆಯೂ ಹಿಂದಕ್ಕೆ ಸರಿಸಿದವು. ಧಾರವಾಡ ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿಯ ಆಡಳಿತದಲ್ಲಿದ್ದುದರಿಂದ ಹುಬ್ಬಳ್ಳಿಯ ಹಳೆಯ ಕಾರಿನ ಮೂಲದಾಖಲೆಯನ್ನು ಮುಂಬಯಿ ಪ್ರಾಂತದ ಕಡತಗಳಲ್ಲಿ ಹುಡುಕಬೇಕು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ೧೯೪೮ರವರೆಗೆ ಈ ಜಿಲ್ಲೆಯ ನಡುನಡುವೆಯೇ ಸಂಸ್ಥಾನಗಳ ತುಂಡುಗಳು ಹರಡಿದ್ದವು. ಹುಬ್ಬಳ್ಳಿಗೆ ತೀರ ಸಮೀಪದ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿಯು ಸಾಂಗಲಿಗೆ, ಲಕ್ಷ್ಮೇಶ್ವರವು ಮೀರಜಕ್ಕೆ ಸೇರಿದ್ದವು. ಸವಣೂರಿನಲ್ಲಿ ನವಾಬರಿದ್ದರು. ಗದಗನ್ನು ದಾಟಿ ಮೂಡಣಕ್ಕೆ ಹೋದರೆ ಕೊಪ್ಪಳದಲ್ಲಿ ಹೈದರಾಬಾದಿನ ಸೀಮೆ ಬರುತ್ತಿದ್ದಿತು. ತುಂಗಭದ್ರೆಯನ್ನು ದಾಟಿ ಹರಿಹರಕ್ಕೆ ಹೋದರೆ ಮೈಸೂರಿನ ಸೀಮೆ, ಬಳ್ಳಾರಿಗೆ ಹೋದರೆ ಮದರಾಸಿನದು. ಪಶ್ಚಿಮಕ್ಕೆ ೧೯೬೧ರವರೆಗೆ ಪೋರ್ತುಗೀಜರ ಗೋವಾ ಇದ್ದಿತು. ಒಂದು ದಿನದ ಪ್ರಯಾಣದಲ್ಲಿ ಕಾರೊಂದು ಮೂರು ನಾಲ್ಕು ಆಡಳಿತಗಳನ್ನು ಹಾಯ್ದುಹೋಗುತ್ತಿದ್ದ ಕಾಲ ಅದು. ಆದುದರಿಂದ ಇಂದು ಹುಬ್ಬಳ್ಳಿಯಲ್ಲಿ ದೊರೆತ ಕಾರು ಹುಬ್ಬಳ್ಳಿಯದೇ ಆಗಿರಬೇಕೆಂದಿಲ್ಲ. ಕುಂದಗೋಳದಲ್ಲಿ ೧೯೩೫ರಲ್ಲಿ ಇದ್ದ ಕಾರಿನ ದಾಖಲೆಯನ್ನು ಮುಂಬಯಿ ಪ್ರಾಂತದ ಪುಸ್ತಕದಲ್ಲಿ ಹುಡುಕಿ, ಅಲ್ಲಿ ಕಾಣಲಿಲ್ಲವೆಂದು ಕಾರಿನ ಚರಿತ್ರೆಯನ್ನೇ ಅಲ್ಲಗಳೆಯುವುದು ತಪ್ಪಾಗುತ್ತದೆ. ಸಂಸ್ಥಾನದ ಖಾಸಗಿ ಲೆಕ್ಕಪತ್ರಗಳಲ್ಲಿ ಅದರ ಪೆಟ್ರೋಲಿನ ಖರ್ಚು, ಚಾಲಕನ ಪಗಾರ, ಟಾಯರಿನ ಬೆಲೆ ಇರಬಹುದು. ಅಂಥ ಲೆಕ್ಕದ ಒಂದು ಸಾಲು ನೂರು ದಂತಕಥೆಗಳಿಗಿಂತ ಮೇಲು.

ಸಂಸ್ಥಾನಗಳು ವಿಲೀನವಾದ ಮೇಲೆ ಅರಮನೆಯ ಎಷ್ಟೋ ವಾಹನಗಳು ಕೈಬದಲಾದವು. ಹೀಗೆ ಕೈಬದಲಾಗದೆ ಉಳಿದ ವಾಹನದಿಂದ ಎಷ್ಟನ್ನು ತಿಳಿಯಬಹುದೆಂಬುದಕ್ಕೆ ಹೈದರಾಬಾದಿನ ನಿಜಾಮರ ಸಿಂಹಾಸನ ಕಾರು ನಿದರ್ಶನವಾಗಿದೆ. ೧೯೧೨ರ ಆ ಸಿಲ್ವರ್ ಘೋಸ್ಟ್ ಕಾರಿಗೆ ಬಾರ್ಕರ್ ಕಂಪನಿಯು ಮೈ ಕಟ್ಟಿತು. ಹಿಂದಿನ ಆಸನವನ್ನು ಗದ್ದುಗೆಯಂತೆ ಎತ್ತರಿಸಿತು. ಅರಮನೆಯ ಸಮಾರಂಭಗಳಿಗೆಂದೇ ಮೀಸಲಾಗಿದ್ದುದರಿಂದ ಅದು ಓಡಿದುದು ಕೆಲವು ನೂರು ಮೈಲು ಮಾತ್ರ. ದುರಸ್ತಿಯ ಬಳಿಕ ಅದನ್ನು ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕಿಡಲಾಯಿತು. ಆಸನದ ಎತ್ತರವು ದರಬಾರಿನ ಮರ್ಯಾದೆಯನ್ನೂ, ಮೈಲುಗಳ ಅಲ್ಪತೆಯು ವಾಹನದ ಉಪಯೋಗವನ್ನೂ ಹೇಳುತ್ತವೆ. ಅದರ ಮೂಲ ಅವಯವಗಳನ್ನು ಬದಲಿಸಿದ್ದರೆ ಈ ಮಾತುಗಳೆಲ್ಲ ಮೂಕವಾಗುತ್ತಿದ್ದವು.

೫

ಬ್ರಿಟಿಷ್ ರೂಪವನ್ನು ಹೊತ್ತ ಕಾರುಗಳೆಲ್ಲ ಬ್ರಿಟನ್ನಿನಲ್ಲಿ ಹುಟ್ಟಿದವಲ್ಲವೆಂಬುದನ್ನೂ ನೆನಪಿಡಬೇಕು. ಭಾರತದಲ್ಲಿ ಮೋಟಾರು ತಯಾರಿಕೆಯನ್ನು ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ವಿದೇಶ ಪ್ರವಾಸ ಮಾಡಿ ಯೋಜನೆಯನ್ನು ಸಿದ್ಧಪಡಿಸಿದರು. ವಾಲಚಂದ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಅಂದಿನ ಭಾರತ ಸರ್ಕಾರದ ನೆರವು ದೊರೆಯದೆ ಅದು ಕೈಗೂಡುವುದು ತಡವಾಯಿತು. ೧೯೪೨ರಲ್ಲಿ ಹಿಂದೂಸ್ತಾನ್ ಮೋಟರ್ಸ್, ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿತವಾದವು. ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯ ಲ್ಯಾಂಡ್‌ಮಾಸ್ಟರ್, ಅಂಬಾಸಡರ್ ಕಾರುಗಳು ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯವು. ಆದುದರಿಂದ ಮಾರಿಸ್ ಕಾರಿನ ಮುಖವನ್ನು ಕಂಡಮಾತ್ರಕ್ಕೆ ಅದು ಸಮುದ್ರ ದಾಟಿ ಬಂದಿತೆಂದು ಬರೆಯಬಾರದು. ಬಂಗಾಲದ ಉತ್ತರಪಾರಾದಲ್ಲಿ ತಯಾರಾಗಿರಲೂಬಹುದು. ಹಾಗಾದರೆ ಅದರ ಮಹತ್ವ ಕಡಮೆಯೇನೂ ಆಗುವುದಿಲ್ಲ, ಮಹತ್ವದ ಬಗೆ ಮಾತ್ರ ಬದಲಾಗುತ್ತದೆ.

ಆಮದು ಕಷ್ಟವಾದ ದಶಕಗಳಲ್ಲಿ ಹಳೆಯ ಕಾರುಗಳನ್ನು ಜೀವಂತವಾಗಿಟ್ಟವರು ಮಿಸ್ತ್ರಿಗಳು. ರೈಲ್ವೆಯ ಕಾರ್ಖಾನೆಯೂ ಹತ್ತಿಯ ಜಿನ್ನುಗಳೂ ಇದ್ದ ಹುಬ್ಬಳ್ಳಿಯಲ್ಲಿ ಲೇಥಿನ ಮೇಲೆ ಲೋಹವನ್ನು ಕಡೆದು ಭಾಗಗಳನ್ನು ಮಾಡಬಲ್ಲ ಕುಶಲಿಗಳು ಮೋಟಾರು ಬರುವುದಕ್ಕೆ ಮೊದಲೇ ಇದ್ದರು. ಕಾರಿನ ಒಳಗೆ ಇಲ್ಲಿಯೇ ಮಾಡಿದ ಬುಶ್ಶು, ಬೇರೆ ವಾಹನದಿಂದ ತಂದು ಕೂಡಿಸಿದ ಗೇರು, ಬಡಿಗನು ಹೊಸದಾಗಿ ಮಾಡಿದ ಕಟ್ಟಿಗೆಯ ಚೌಕಟ್ಟು ದೊರೆತರೆ, ಅದನ್ನು ಕೆಡುಕೆಂದು ತಿಳಿಯುವವರೇ ಹೆಚ್ಚು. ಆದರೆ ಅರಸನು ಕಾರನ್ನು ಕೊಂಡ ದಿನಾಂಕವು ಇಂಗ್ಲಂಡಿನ ಪತ್ರದಲ್ಲಿ ಸಿಕ್ಕೀತು. ಹೆಸರಿಲ್ಲದ ಮಿಸ್ತ್ರಿಯ ಕೈಕೆಲಸಕ್ಕೆ ಆ ಬುಶ್ಶನ್ನು ಬಿಟ್ಟರೆ ಬೇರೆ ದಾಖಲೆಯೇ ಇಲ್ಲ. ನಮ್ಮ ನಗರಗಳ ಕುಶಲಕರ್ಮದ ಇತಿಹಾಸವನ್ನು ಬರೆಯಬೇಕಾದರೆ ಇಂಥ ಭಾಗಗಳೇ ಮುಖ್ಯ ಸಾಕ್ಷಿ.

ಈ ದೃಷ್ಟಿಯಿಂದ ೨೦೨೧ರ ನಿಯಮಗಳು ವಿಚಾರಕ್ಕೆ ಯೋಗ್ಯವಾಗಿವೆ. ಅವುಗಳ ಪ್ರಕಾರ ಇಂಥ ವಾಹನಗಳಿಗೆ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಚಾಸಿ, ಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಟು ಆಗಿರಬಾರದೆಂಬ ಕಟ್ಟಳೆಯಿದೆ. ಇದು ಮೂಲರೂಪದ ರಕ್ಷಣೆಗೆ ಅನುಕೂಲವೇ ಸರಿ. ಆದರೆ ನಿಯಮಕ್ಕೆ ಹೊಂದಿಸಬೇಕೆಂಬ ಆತುರದಲ್ಲಿ ಹಳೆಯ ದುರಸ್ತಿಯ ಗುರುತುಗಳನ್ನು ಅಳಿಸಿ, ಕಾರ್ಖಾನೆಯಿಂದ ಅಂದೇ ಹೊರಬಂದಂತೆ ಮಾಡುವ ಪ್ರವೃತ್ತಿಯೂ ಬೆಳೆಯಬಹುದು. ಫ್ಲೀಟರು ೧೯೦೧ರಲ್ಲಿ ಕೂಟ ಶಾಸನಗಳನ್ನು ಕುರಿತು ದೀರ್ಘವಾಗಿ ಬರೆದರು. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರ ಸಂಶಯವನ್ನು ಬಿ. ಎಲ್. ರೈಸರು ಒಪ್ಪಲಿಲ್ಲ. ಆ ವಾದದಿಂದ ನಾವು ಕಲಿಯಬೇಕಾದುದು ಇಷ್ಟು : ನಂಬುವುದಕ್ಕೂ ನಂಬದಿರುವುದಕ್ಕೂ ಕಾರಣ ಬೇಕು, ಮತ್ತು ಆ ಕಾರಣವನ್ನು ಪರೀಕ್ಷಿಸಲು ಮೂಲವಸ್ತುವು ಉಳಿದಿರಬೇಕು.

೬

ಇಲ್ಲಿಯವರೆಗಿನ ವಿವೇಚನೆಯಿಂದ ಕೆಲವು ಕರ್ತವ್ಯಗಳು ಸಹಜವಾಗಿಯೇ ಮೂಡಿಬರುತ್ತವೆ. ಹಳೆಯ ಕಾರು ಕಂಡೊಡನೆ ಅದನ್ನು ತೊಳೆಯುವುದಕ್ಕೂ ಸ್ಥಳದಿಂದ ಕದಲಿಸುವುದಕ್ಕೂ ಮೊದಲು ಎಲ್ಲ ಬದಿಗಳಿಂದ ಛಾಯಾಚಿತ್ರ ತೆಗೆಯಬೇಕು. ಚಾಸಿ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಮೈ ಕಟ್ಟಿದವರ ಹಿತ್ತಾಳೆಯ ಫಲಕ, ದೀಪ ಮತ್ತು ಮ್ಯಾಗ್ನೆಟೊಗಳ ಮೇಲಿನ ಹೆಸರು, ಬಣ್ಣದ ಪದರಗಳು, ಇವೆಲ್ಲವನ್ನೂ ಇದ್ದಂತೆಯೇ ಬರೆದುಕೊಳ್ಳಬೇಕು. ಆಸನದ ಕೆಳಗಿನ ಚೀಟಿ, ಹಳೆಯ ತೆರಿಗೆಯ ರಸೀದಿ, ಪೆಟ್ರೋಲಿನ ಪುಸ್ತಕ, ಯಾವುದನ್ನೂ ಕಸವೆಂದು ಎಸೆಯಬಾರದು. ಮನೆಯ ಹಿರಿಯರನ್ನೂ, ಚಾಲಕನ ಮತ್ತು ಮಿಸ್ತ್ರಿಯ ಕುಟುಂಬದವರನ್ನೂ ಬೇರೆ ಬೇರೆಯಾಗಿ ಕೇಳಿ, ಒಬ್ಬರ ಮಾತನ್ನು ಮತ್ತೊಬ್ಬರ ಮಾತಿನೊಡನೆ ತೂಗಿನೋಡಬೇಕು. ಇಷ್ಟನ್ನು ಮಾಡಲು ಹಣವಾಗಲಿ ಯಂತ್ರಶಾಸ್ತ್ರದ ಪಾಂಡಿತ್ಯವಾಗಲಿ ಬೇಡ. ಕಾಲೇಜಿನ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಸುಲಭವಾಗಿ ಮಾಡಬಹುದು.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಂಗ್ರಹವು ಬೆಳೆದಿದೆ. ಹುಬ್ಬಳ್ಳಿಯಲ್ಲಿ ೨೦೨೦ರಲ್ಲಿ ರೈಲ್ವೆಯ ವಸ್ತುಸಂಗ್ರಹಾಲಯವು ತೆರೆಯಿತು. ಹಳಿಯ ಮೇಲಿನ ವಾಹನಕ್ಕೆ ಈ ಊರಿನಲ್ಲಿ ದೊರೆತ ಗೌರವವು ರಸ್ತೆಯ ಮೇಲಿನ ವಾಹನಕ್ಕೂ ದೊರೆಯಬೇಕಾದುದು ನ್ಯಾಯ. ಕಾರು ಬೇರೆಯವರ ಕೈಗೆ ಹೋಗುವುದನ್ನು ತಡೆಯುವುದು ಎಲ್ಲ ಸಲವೂ ಸಾಧ್ಯವಾಗಲಾರದು. ಅದು ಒಡೆಯನ ಸ್ವತ್ತು, ಅದನ್ನು ಮಾರುವ ಹಕ್ಕು ಅವನಿಗುಂಟು. ಆದರೆ ಅದು ಹೋಗುವ ಮುನ್ನ ಅದರ ಸಂಖ್ಯೆಗಳ ಪ್ರತಿಯೂ ಅದನ್ನು ನಡೆಸಿದವರ ಹೆಸರೂ ಇಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಕಲ್ಲಿನ ಶಾಸನವು ಎಂಟುನೂರು ವರ್ಷ ಗ್ರಾಮದ ಹೊರಗೆ ನಿಂತು ಓದುವವನಿಗಾಗಿ ಕಾಯಬಲ್ಲದು. ತಗಡಿನ ಮತ್ತು ಕಟ್ಟಿಗೆಯ ಈ ಶಾಸನಕ್ಕೆ ಅಷ್ಟು ಆಯುಷ್ಯವಿಲ್ಲ. ಆದಕಾರಣ ಈ ಕೆಲಸವನ್ನು ಮುಂದಿನ ತಲೆಮಾರಿಗೆ ಬಿಡದೆ ಈಗಲೇ ಕೈಗೊಳ್ಳುವುದು ಅವಶ್ಯವಾಗಿದೆ.